ಗಡಿಯಾರದ ಮುಚ್ಚಳದೊಳಗಿನ ಇಸವಿ

ನಾನು ಸಗರದ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದಾಗ ಅಲ್ಲಿನ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ನೋಡಿ ಬೆಳೆದ ನನ್ನ ಕಣ್ಣಿಗೆ ಆ ಭತ್ತದ ಗದ್ದೆಗಳು ಯಾವುದೋ ಬೇರೆ ಸೀಮೆಯವು ಎನಿಸುತ್ತಿದ್ದವು. ನೀರಿನ ಜೊತೆ ಸೊಳ್ಳೆ ಬಂದಿತ್ತು, ಸೊಳ್ಳೆಯ ಜೊತೆ ಚಳಿಜ್ವರ. ಬೆಳಿಗ್ಗೆ ಗಾಜಿನ ಪಟ್ಟಿಗಳ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ಜ್ವರ ಬಂದವರ ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ತೆಗೆಯುವುದು, ಬಸುರಿಯರ ಕೈ ಹಿಡಿದು ನಾಡಿ ಎಣಿಸುವುದು, ಎಲ್ಲಾದರೂ ಹೆರಿಗೆಯಾದರೆ ಕೂಸು ಹುಟ್ಟಿದ ಹೊತ್ತು ಬರೆದಿಡುವುದು. ಇದು ನನ್ನ ಕೆಲಸ.

ಉಪಕೇಂದ್ರವೆಂದರೆ ಎರಡು ಕೋಣೆ. ಮುಂದಿನದು ಔಷಧಕ್ಕೆ, ಹಿಂದಿನದು ನನಗೆ. ಮೊದಲು ಊರಲ್ಲಿ ಬಾಡಿಗೆ ಮನೆ ಕೇಳಿದ್ದೆ. ಮೂರು ಕಡೆ "ಮಗಳು ಬಾಣಂತನಕ್ಕ ಬರಾಕಿ ಅದಾಳ್ರಿ" ಎಂದರು. ನಾಲ್ಕನೆಯ ಕಡೆ ನಿಮ್ಮಪ್ಪನ ಊರು ಯಾವುದು, ಯಾವ ಓಣಿ ಎಂದು ಕೇಳಿದರು. ನಾವು ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು. ಓಣಿ ಹೇಳಿದರೆ ಉಳಿದದ್ದು ಅವರಿಗೆ ತಾನೇ ತಿಳಿಯುತ್ತದೆ. ಐದನೆಯ ಕಡೆ ನಾನು ಕೇಳಲು ಹೋಗಲಿಲ್ಲ. ಅವ್ವ ತೀರಿ ಒಂದು ವರ್ಷವಾಗಿತ್ತು. ತಮ್ಮ ರಾಯಚೂರಿನಲ್ಲಿ ಹೆಂಡತಿ ಮಕ್ಕಳೊಂದಿಗಿದ್ದ. ಹಬ್ಬಕ್ಕೊಂದು ಪತ್ರ ಬರೆಯುತ್ತಿದ್ದ, ಕೊನೆಯ ಸಾಲಿನಲ್ಲಿ "ನೀನೂ ಬಾ" ಎಂದಿರುತ್ತಿತ್ತು. ನಾನು ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಒಂದಲ್ಲ, ಯಾವುದೂ ದೊಡ್ಡದಲ್ಲ.

ನೌಕರಿ ಸಿಕ್ಕಾಗ ತಮ್ಮ ಒಂದು ಸೆಲ್ಲಿನ ಗಡಿಯಾರ ಕೊಡಿಸಿದ್ದ. ಒಂದು ಮಳೆಗಾಲದಲ್ಲಿ, ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪಿಗೆ ಹೋಗುವಾಗ ಬದುವಿನ ಮೇಲೆ ಕಾಲು ಜಾರಿ ಮೊಣಕೈವರೆಗೆ ಕೆಸರಲ್ಲಿ ಬಿದ್ದೆ. ಗಡಿಯಾರ ನಿಂತಿತು, ಮತ್ತೆ ನಡೆಯಲಿಲ್ಲ. ಅದಾಗಿ ಎರಡು ವಾರ ಗೋಡೆ ಗಡಿಯಾರ ಇದ್ದ ಮನೆಗಳಲ್ಲಷ್ಟೇ ನಾಡಿ ಎಣಿಸಿದೆ. ಉಳಿದ ಕಡೆ ಅಂದಾಜು. ಅಂದಾಜು ಬರೆದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ಆ ತಿಂಗಳು ಸುರಪುರದಲ್ಲಿ ಎರಡು ದಿನದ ತರಬೇತಿ ಇತ್ತು. ಮಧ್ಯಾಹ್ನ ಬಿಟ್ಟ ಮೇಲೆ ಬಜಾರಕ್ಕೆ ಹೋದೆ. ಗುಡ್ಡದ ಕೆಳಗಿನ ಇಳಿಜಾರು ರಸ್ತೆಯಲ್ಲಿ ಒಬ್ಬ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಗಡಿಯಾರ ರಿಪೇರಿ ಮಾಡುತ್ತ ಕೂತಿದ್ದ. "ಹಳೇದಾದ್ರೂ ನಡೀತದ. ಸೆಕೆಂಡಿನ ಮುಳ್ಳು ಮಾತ್ರ ಇರಬೇಕು" ಅಂದೆ. ಅವನು ಎರಡು ಮೂರು ತೋರಿಸಿದ. ಆಮೇಲೆ ತಂಬಾಕಿನ ಡಬ್ಬಿಯೊಂದರಿಂದ ಸಣ್ಣದೊಂದು ಗಡಿಯಾರ ತೆಗೆದ. ಬಿಳಿ ಮುಖ ಹಳದಿಗೆ ತಿರುಗಿತ್ತು. ಆರರ ಅಂಕಿಯ ಜಾಗದಲ್ಲಿ ಸಣ್ಣ ಬಟ್ಟಲಿನಂಥ ಇನ್ನೊಂದು ಮುಖ, ಅದರೊಳಗೆ ಕೂದಲೆಳೆಯಂಥ ಮುಳ್ಳು ಟಿಕಿಟಿಕಿ ಓಡುತ್ತಿತ್ತು.

"ಇದು ಹೆಣ್ಮಕ್ಕಳದೇನ್ರಿ?" ಎಂದು ಕೇಳಿದೆ.

"ಅಲ್ರಿ ಅಕ್ಕಾರ. ಆಗಿನ ಕಾಲದಾಗ ಗಂಡಸರವೂ ಇಷ್ಟೇ ಇರ್ತಿದ್ವು. ಇದು ಸಂಸ್ಥಾನದ ಕಾಲದ್ದು. ಮ್ಯಾಲ ಅರಮನಿಯಿಂದ ಇಳದು ಬಂದದ." ಅವನು ಕೈಯನ್ನು ಗುಡ್ಡದ ಕಡೆ ತೋರಿಸಿದ. ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ನಗುವಿರಲಿಲ್ಲ, ಅದಕ್ಕೇ ನನಗೆ ನಂಬಿಕೆ ಬರಲಿಲ್ಲ. ಕಿವಿಗೆ ಹಿಡಿದು ಕೇಳಿದೆ. ಬಡಿತ ಸಮನಾಗಿತ್ತು. ಕೊಂಡುಕೊಂಡೆ.

ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿ ಅದನ್ನು ಕೈಯಿಂದ ಬಿಚ್ಚಿ ಕೀಲಿ ಕೊಡುವುದು ರೂಢಿಯಾಯಿತು. ಸೆಲ್ಲಿನ ಗಡಿಯಾರಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ. ಇದಕ್ಕೆ ದಿನಾ ನಾನು ಬೇಕಿತ್ತು. ಮೂಲೆಗಳಲ್ಲಿ ಬೆಳ್ಳಿಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಕಂಪನಿಯ ಹೆಸರು ಅಳಿಸಿ ಹೋಗಿ ಒಂದು ಬಾಲದ ಅಕ್ಷರ ಮಾತ್ರ ಉಳಿದಿತ್ತು. ಕೆಳ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಇರುವೆ ಕಾಲಿನಷ್ಟು ಸಣ್ಣಗೆ 'ಸ್ವಿಸ್' ಎಂದಿತ್ತು.

ಒಂದು ದಿನ ಮಧ್ಯಾಹ್ನ ಊರ ನಡುವಿನ ದೊಡ್ಡ ಮನೆಯಲ್ಲಿ ಹೆರಿಗೆ. ಕೂಸು ಅತ್ತ ಕೂಡಲೇ ನಾನು ಗಡಿಯಾರ ನೋಡಿ "ಮೂರೂ ಇಪ್ಪತ್ತೆರಡು" ಅಂದೆ. ಬಾಣಂತಿಯ ಅತ್ತೆ ನನ್ನ ಮಣಿಕಟ್ಟಿಗೆ ಬಗ್ಗಿ ನೋಡಿದರು.

"ಭಾಳ ಹಳೇದು ಕಾಣ್ತದಲ್ಲ. ಹೊತ್ತು ಸರಿ ತೋರಸ್ತದೋ ಇಲ್ಲೋ? ಜಾತಕ ಬರಸೋದದ ನಮಗ."

"ಸರಿ ಅದರಿ" ಅಂದೆ.

"ಯಾವ ಕಾಲದ್ದು?"

"ಗೊತ್ತಿಲ್ರಿ."

ಅವರು ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಕೈ ತೊಳೆದು ಬಂದೆ. ದಾರಿಯುದ್ದಕ್ಕೂ ಆ ಪ್ರಶ್ನೆ ತಲೆಯಲ್ಲಿತ್ತು. ಊರ ಮಕ್ಕಳಿಗೆಲ್ಲ ನಿಮಿಷದ ಲೆಕ್ಕದಲ್ಲಿ ಹುಟ್ಟಿದ ಹೊತ್ತು ಬರೆದುಕೊಡುವವಳು ನಾನು. ನನ್ನದು ಮಾತ್ರ ಜೂನ್ ಒಂದು. ನನ್ನ ಜೊತೆ ಶಾಲೆಗೆ ಸೇರಿದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಮಾಸ್ತರರು ನಮ್ಮ ಎತ್ತರ ನೋಡಿ ಇಸವಿ ಹಾಕಿದ್ದರು. ಅವ್ವನನ್ನು ಕೇಳಿದಾಗ "ಕುಸುಬಿ ಬಿಡಸೋ ಮುಂದ ಹುಟ್ಟಿದಿ" ಅಂದಿದ್ದಳು. ಅವಳೂ ಹೋದ ಮೇಲೆ ಕೇಳಲು ಯಾರೂ ಉಳಿದಿರಲಿಲ್ಲ. ಗಡಿಯಾರದ ವಯಸ್ಸನ್ನಾದರೂ ಕೇಳಿ ತಿಳಿಯಬಹುದು ಎನಿಸಿತು.

ಮುಂದಿನ ರವಿವಾರ ಶಹಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ವಿಭೂತಿ ಹಚ್ಚಿಕೊಂಡ ಒಬ್ಬ ರಿಪೇರಿಯವರಿದ್ದರು, ಐವತ್ತರ ಆಸುಪಾಸು. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ, ದಿನಾ ಬೆಳಿಗ್ಗೆ ರೇಡಿಯೋ ಕೇಳಿ ಸರಿ ಮಾಡಿಕೊಳ್ಳುತ್ತೇನೆ, ಹಾಗೇ ಇದು ಯಾವ ಕಾಲದ್ದು ಹೇಳಿ ಅಂದೆ. ಮಾರಿದವನು ಹೇಳಿದ ಅರಮನೆಯ ಸುದ್ದಿಯನ್ನೂ ಹೇಳಿದೆ. ಅವರು ಜೋರಾಗಿ ನಕ್ಕರು.

"ಸುರಪುರದ ರಾಜರ ಆಳಿಕೆ ಮುಗಿದಾಗ ಕೈಗೆ ಕಟ್ಟೋ ಗಡಿಯಾರ ಎಲ್ಲಿದ್ವು ಸಿಸ್ಟರ್? ಆಗೇನಿದ್ರೂ ಕಿಸೆದಾಗ ಇಡೋವು."

ಚೂರಿಯ ತುದಿ ಹಾಕಿ ಹಿಂದಿನ ಮುಚ್ಚಳ ಎಬ್ಬಿಸಿದರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಳಗಿನ ಯಂತ್ರ ನೋಡುತ್ತ ಒಂದೊಂದೇ ಹೇಳತೊಡಗಿದರು. "ಮುಖ ನೋಡಿ ವಯಸ್ಸು ಹೇಳಬಾರದು. ಮುಖಕ್ಕ ಯಾರು ಬೇಕಾದವ್ರು ಬಣ್ಣ ಹಚ್ತಾರ. ನಿಮ್ಮದಕ್ಕೂ ಒಮ್ಮೆ ಹಚ್ಚ್ಯಾರ. ಮಷಿನ್ ನೋಡಬೇಕು. ಹದಿನೈದು ಕಲ್ಲು ಅದಾವ, ಚಕ್ರದ ಅಚ್ಚು ಸವೀಬಾರದಂತ ಕೂಡ್ಸೋವು. ಈ ತೂಗೋ ಚಕ್ರ ನೋಡ್ರಿ, ಇದರ ಮ್ಯಾಲ ಪೆಟ್ಟು ತಡೆಯೋ ಸಣ್ಣ ಸ್ಪ್ರಿಂಗ್ ಇಲ್ಲ. ಅದು ಬಂದದ್ದು ಆಮ್ಯಾಲ. ಇದು ಕೈಜಾರಿ ಬಿತ್ತಂದ್ರ ಮುಗೀತು. ಸೆಕೆಂಡ್ ಆರರ ಕಡೆ. ಹೊಟ್ಟಿ ಇಷ್ಟು ಸಣ್ಣದು. ಹಳೇದು, ಭಾಳ ಹಳೇದು."

"ಎಷ್ಟು ಹಳೇದು?"

ಅವರು ಮುಚ್ಚಳವನ್ನು ಬೋರಲು ಮಾಡಿ ಬೆಳಕಿಗೆ ಹಿಡಿದರು. ಮಸೂರವನ್ನು ನನಗೆ ಕೊಟ್ಟರು. ಒಳಮೈ ಮೇಲೆ ಸೂಜಿಯಿಂದ ಗೀರಿದ ಗುರುತುಗಳು. ಗಡಿಯಾರ ಬಿಚ್ಚಿದವರು ತಮ್ಮ ಗುರುತು, ತಾರೀಖು ಹೀಗೆ ಒಳಗೆ ಗೀರಿ ಇಡುತ್ತಾರಂತೆ, ಮತ್ತೆ ಅದೇ ಗಡಿಯಾರ ಬಂದರೆ ಗೊತ್ತಾಗಲಿ ಎಂದು. ಒಂದು ಕಡೆ ಇಂಗ್ಲಿಷ್ ಅಂಕಿ ಇದ್ದವು, ಒಂದು ಕಡೆ ಕನ್ನಡದ ಒಂದು ಅಕ್ಷರ. ಎಲ್ಲಕ್ಕೂ ಅಡಿಯಲ್ಲಿ, ಸವೆದು ಮಸುಕಾಗಿ, ಒಂದು ಅರ್ಧಚಂದ್ರ. ಅದರ ಪಕ್ಕ ಉರ್ದುವಿನಲ್ಲಿ ಏನೋ ಬರಹ, ನಾಲ್ಕು ಅಂಕಿ.

"ಅಂಕಿ ಓದಾಕ ಬರ್ತಾವ ನನಗ" ಎಂದರು. "ಒಂದು, ಮೂರು, ಐದು, ನಾಕು."

"ಸಾವಿರದ ಮುನ್ನೂರ ಐವತ್ನಾಲ್ಕು?"

"ಆರುನೂರು ವರ್ಷದ್ದಾತು ನೋಡ್ರಿ!" ಇಬ್ಬರೂ ನಕ್ಕೆವು. ಯಾರ ಜೊತೆಗಾದರೂ ಕೂತು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ನಗು ನಿಂತ ಮೇಲೆ ಅವರು ಆ ಅರ್ಧಚಂದ್ರವನ್ನು ಮತ್ತೊಮ್ಮೆ ನೋಡಿ ಹೇಳಿದರು: "ಈ ಗುರುತು ನಾ ಬ್ಯಾರೆ ಗಡಿಯಾರದಾಗೂ ಕಂಡೀನಿ. ಯಾದಗಿರಿ ಸ್ಟೇಷನ್ ರಸ್ತೆದಾಗ ಒಬ್ಬ ಮುಸಲ್ಮಾನ ಉಸ್ತಾದ್ ಇದ್ರು, ಅವ್ರದು. ಅವ್ರು ಹೋಗಿ ಭಾಳ ದಿನ ಆತು. ಮಗ ಅದಾನ. ಅವನ್ನ ಕೇಳ್ರಿ."

ಎರಡು ವಾರ ಬಿಟ್ಟು ಯಾದಗಿರಿಗೆ ಹೋದೆ. ಭೀಮಾ ನದಿಯ ಸೇತುವೆ ದಾಟುವಾಗ ಬಸ್ಸಿನಲ್ಲಿದ್ದವರೆಲ್ಲ ನೀರು ಎಷ್ಟಿದೆ ನೋಡಲು ಒಂದೇ ಕಡೆ ವಾಲಿದರು. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮಗನಿಗೆ ನಲವತ್ತು ದಾಟಿರಬಹುದು. ತಗ್ಗಿದ ಛಾವಣಿಯ ಅಂಗಡಿ, ಹಿಂದೆ ಹಸಿರು ಪರದೆ, ಪರದೆಯ ಆಚೆ ಮನೆ. ಅವನು ಮುಚ್ಚಳ ತೆಗೆದು ಒಂದೇ ನೋಟಕ್ಕೆ "ಇದು ನಮ್ಮ ಅಬ್ಬಾನ ಕೈ" ಅಂದ.

"ಇಸವಿ ಓದ್ತೀರೇನು?"

"ನಾ ಕನ್ನಡ ಸಾಲಿ ಕಲತಾಂವ್ರಿ. ಉರ್ದು ಅಷ್ಟಕ್ಕಷ್ಟೇ. ಅಮ್ಮೀಗೆ ಬರ್ತದ." ಅವನು ಪರದೆಯ ಕಡೆ ತಿರುಗಿ ಕರೆದ.

ಬಂದವರು ಎಪ್ಪತ್ತರ ಹತ್ತಿರದ ಮುದುಕಿ. ತೆಳ್ಳಗೆ, ಬಿಳಿ ಓಢಣಿ. ಮಗ ಮುಚ್ಚಳವನ್ನು ಅವರ ಅಂಗೈಯಲ್ಲಿಟ್ಟ, ಮಸೂರ ಕೊಟ್ಟ. ಅವರು ಅದನ್ನು ಮಗನಷ್ಟೇ ಸಲೀಸಾಗಿ ಕಣ್ಣಿಗೆ ಸಿಕ್ಕಿಸಿಕೊಂಡದ್ದು ನೋಡಿ ನನಗೆ ಆಶ್ಚರ್ಯವಾಯಿತು. ಮುಚ್ಚಳವನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. ಹೊರಗೆ ರೈಲೊಂದು ಬಂದು ನಿಂತು ಹೊರಟೂ ಹೋಯಿತು.

"ತೇರಾ ಸೌ ಚೌವನ್" ಎಂದರು ಕೊನೆಗೆ. "ಫಸಲಿ. ನಿಜಾಮ್ ಸರ್ಕಾರದಾಗ ಕಚೇರಿ, ಕಾಗದ ಎಲ್ಲಾ ಫಸಲಿ ಇಸವಿನೇ ಇತ್ತು ಬೇಟಿ. ನಿಮ್ಮ ಇಸವಿ ಬೇಕಂದ್ರ ಐದುನೂರ ತೊಂಬತ್ತು ಕೂಡಸು."

ಮಗ ಒಂದು ಚೀಟಿಯ ಮೇಲೆ ಕೂಡಿಸಿದ. ಸಾವಿರದ ಒಂಬೈನೂರ ನಲವತ್ತನಾಲ್ಕು.

"ತಿಂಗಳು ದೈ ಅಂತದ. ಚಳಿ ಶುರುವಾಗೋ ತಿಂಗಳು. ಆ ವರ್ಷನೇ ನಾ ಈ ಮನಿಗೆ ಬಂದದ್ದು. ಆಗ ಅಂಗಡಿ ಎಲ್ಲಿತ್ತು, ಸ್ಟೇಷನ್ ಮುಂದ ಒಂದು ಕಟ್ಟಿಗಿ ಪೆಟ್ಟಿಗಿ ಅಷ್ಟೇ."

ಪಕ್ಕದಲ್ಲಿ ಇನ್ನೂ ಎರಡು ಶಬ್ದ ಇದ್ದವು. ಅವು ಏನೆಂದು ಕೇಳಿದೆ. ಯಾರದೋ ಹೆಸರಿರಬಹುದು, ಏನಾದರೂ ಗುಟ್ಟಿನ ಮಾತಿರಬಹುದು ಎಂದುಕೊಂಡಿದ್ದೆ.

"ಸ್ಪ್ರಿಂಗ್ ಬದ್ಲಿ, ಅಂತ ಬರದಾರ" ಎಂದು ಅವರು ನಕ್ಕರು. ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿತ್ತು. "ನನಗ ಓದು ಬರಹ ಕಲಿಸಿದ್ದೂ ಅವ್ರೇ. ಹಲಗಿ ಎಲ್ಲಿತ್ತು? ಡಬ್ಬಿ ಮುಚ್ಚಳದ ಮ್ಯಾಲ ಇದೇ ಸೂಜಿಲೆ ಗೀರಿ ತೋರಸ್ತಿದ್ರು. ಅವ್ರ ಅಕ್ಷರ ಹಿಂಗೇ, ಎಡಕ್ಕ ಬಾಗಿ ನಡಿಯೋವು. ಫೋಟೋ ಒಂದೂ ತಗಸಲಿಲ್ಲ. ಅವ್ರ ಕೈಲೆ ಬರದ ಲೆಕ್ಕದ ಬುಕ್ಕು ಒಂದಿತ್ತು, ಗೆದ್ದಲಿ ತಿಂದವು."

"ಈ ಗುರುತಿನ ಗಡಿಯಾರ ಬ್ಯಾರೆ ಬರ್ತಾವೇನ್ರಿ?" ನಾನು ಮಗನನ್ನು ಕೇಳಿದೆ.

"ಬರ್ತಾವ್ರಿ ವರ್ಷಕ್ಕೊಂದು. ನೋಡಿ ಮುಚ್ತೀನಿ." ಅವನು ತಾಯಿಯ ಕಡೆ ನೋಡಲಿಲ್ಲ. "ಅಮ್ಮೀಗೆ ತೋರಸಬೇಕಂತ ಹೊಳೀಲೇ ಇಲ್ಲ ನನಗ."

ಆಮೇಲೆ ಅವನು ಕಸುಬಿನ ಮಾತಿಗೆ ಬಂದ. ಆ ಇಸವಿ ಗಡಿಯಾರ ತಯಾರಾದ ಇಸವಿಯಲ್ಲ, ಸ್ಪ್ರಿಂಗ್ ತುಂಡಾದ ಇಸವಿ. ಸ್ಪ್ರಿಂಗ್ ಎರಡು ವರ್ಷಕ್ಕೂ ತುಂಡಾಗಬಹುದು, ಹತ್ತು ವರ್ಷಕ್ಕೂ ಆಗಬಹುದು. ಯಂತ್ರದ ಮೇಲಿನ ನಂಬರು ಹಿಡಿದು ಹೇಳಲು ಕಂಪನಿಯ ಹೆಸರೇ ಉಳಿದಿಲ್ಲ. "ಅದಕ್ಕಿಂತ ಹಿಂದಿನದು, ಅಷ್ಟು ಮಾತ್ರ ಖರೆ" ಅಂದ. ನನಗೆ ಅಷ್ಟು ಸಾಕಾಗಿತ್ತು. ಮುದುಕಿ ಮುಚ್ಚಳವನ್ನು ಮಗನ ಕೈಗೆ ಕೊಟ್ಟರು. ಕೊಡುವಾಗ ಹೆಬ್ಬೆರಳು ಆ ಗೀರುಗಳ ಮೇಲೆ ಒಮ್ಮೆ ಹೋಗಿ ಬಂತು. ಅದನ್ನು ನಾನು ಕಂಡೆ. ಕಂಡೂ ಗಡಿಯಾರ ಕಟ್ಟಿಕೊಂಡು ಬಸ್ಸು ಹತ್ತಿದೆ.

ಇದನ್ನು ಮುಚ್ಚಿಡಬಾರದು: ಆ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು. ಗೆದ್ದಲು ತಿಂದ ಬುಕ್ಕಾದರೂ ಅವರಿಗಿತ್ತು, ಎಡಕ್ಕೆ ಬಾಗುವ ಅಕ್ಷರದ ನೆನಪಿತ್ತು, ಪರದೆಯಾಚೆ ಮಗನಿದ್ದ. ನನಗಿದ್ದದ್ದು ಇದೊಂದು ಗಡಿಯಾರ, ಅದರ ವಯಸ್ಸೂ ಈಗಷ್ಟೇ ಸಿಕ್ಕಿತ್ತು. ಯಾಕೆ ಕೊಡಬೇಕು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಕೊಡು ಎಂದು ಯಾರೂ ಕೇಳಿಯೇ ಇರಲಿಲ್ಲ.

ಮೂರು ವಾರ ಆ ವಾದ ನಡೆಯಿತು. ಬೆರಳು ಚುಚ್ಚುವಾಗ, ನಾಡಿ ಎಣಿಸುವಾಗ ನಡುವೆಯೇ ಆ ಹೆಬ್ಬೆರಳು ನೆನಪಾಗಿ ಎಣಿಕೆ ತಪ್ಪುತ್ತಿತ್ತು. ಒಮ್ಮೆ ಕ್ಯಾಂಪಿನ ಹೆಂಗಸೊಬ್ಬಳ ಕೈಯನ್ನು ಮೂರು ಸಲ ಎಣಿಸಬೇಕಾಯಿತು. ಅವಳು ತೆಲುಗಿನಲ್ಲಿ "ಏನಾಯ್ತಮ್ಮ, ನನಗೇನಾದರೂ ಆಗಿದೆಯಾ?" ಎಂದು ಗಾಬರಿಯಾದಳು. ಆ ರವಿವಾರವೇ ಯಾದಗಿರಿಗೆ ಹೋಗಿ ಮಗನನ್ನು ಕೇಳಿದೆ:

"ಇದಕ್ಕ ಬ್ಯಾರೆ ಮುಚ್ಚಳ ಕೂಡ್ತದೇನ್ರಿ?"

ಅವನಿಗೆ ತಕ್ಷಣ ಅರ್ಥವಾಯಿತು. ಡ್ರಾದಲ್ಲಿ ಹಳೆಯ ಮುಚ್ಚಳಗಳ ರಾಶಿಯೇ ಇತ್ತು. ಒಂದೊಂದಾಗಿ ಒತ್ತಿ ನೋಡಿದ. ಏಳನೆಯದೋ ಎಂಟನೆಯದೋ ಟಪ್ ಎಂದು ಕೂತಿತು. ಉಕ್ಕಿನದು, ಒಳಗೆ ಒಂದು ಗೀರೂ ಇಲ್ಲ. ಹಳೆಯದನ್ನು ನಾನೇ ಒಳಗೆ ಒಯ್ದು ಮುದುಕಿಯ ಕೈಗೆ ಕೊಡಹೋದೆ.

"ನಕ್ಕೋ, ಬ್ಯಾಡ ಬೇಟಿ" ಎಂದು ಅವರು ಕೈ ಹಿಂದಕ್ಕೆಳೆದರು. "ನೀ ವಯಸ್ಸು ಕೇಳ್ಕೋತ ಅಷ್ಟು ದೂರದಿಂದ ಬಂದಿದ್ದಿ. ಇದನ್ನ ಕೊಟ್ರ ಅದರ ವಯಸ್ಸಿಗಿ ಸಾಕ್ಷಿ ಏನು ಉಳೀತು?"

"ನನಗ ಗೊತ್ತಾತಲ್ರಿ. ಮತ್ಯಾರು ಕೇಳಾವ್ರು?"

ಅವರು ಆಗಲೂ ಕೈ ಚಾಚಲಿಲ್ಲ. ನಾನು ಮುಚ್ಚಳವನ್ನು ಅವರ ಮಗ್ಗುಲಲ್ಲಿ ಚಾಪೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅದು ಅವರ ಮುಷ್ಟಿಯಲ್ಲಿತ್ತು. ಊಟ ಮಾಡದೆ ಹೋಗಬೇಡ ಎಂದರು. ಖಿಚಡಿ, ಹುಣಸೆಹಣ್ಣಿನ ಖಟ್ಟಾ, ಸುಟ್ಟ ಹಪ್ಪಳ. ಊಟಕ್ಕೆಂದು ನೆಲದ ಮೇಲೆ ಹಾಸಿದ ಒಂದೇ ದಸ್ತರಖಾನದ ಎರಡು ಬದಿಗೆ ಎದುರುಬದುರು ಕೂತು ಉಂಡೆವು. ಊರು ಯಾವುದು ಎಂದು ಕೇಳಿದರು, ಓಣಿ ಕೇಳಲಿಲ್ಲ. ಎರಡನೆಯ ಸಲ ಅವರೇ ಬಡಿಸಿದರು.

ಆ ಚಳಿಗಾಲವೆಲ್ಲ ತಿಂಗಳಿಗೆ ಒಂದೋ ಎರಡೋ ರವಿವಾರ ಅಲ್ಲಿಗೆ ಹೋದೆ. ಬಿಪಿ ನೋಡುತ್ತಿದ್ದೆ, ಮಾತ್ರೆ ತಪ್ಪಿಸಿದ್ದಕ್ಕೆ ಬೈಯುತ್ತಿದ್ದೆ. ಅವರು ನನಗೆ ಉರ್ದು ಅಂಕಿ ಕಲಿಸಿದರು. ಐದು ಬರೆಯುವಾಗ ನಾನು ಸೊನ್ನೆ ಬರೆದೆನೆಂದು ನಗುತ್ತಿದ್ದರು. "ಐದು ಹೃದಯದಂಗ ಬೇಟಿ, ಬೋರಲು ಹಾಕಿದ ಹೃದಯ. ಸೊನ್ನಿ ಬರೇ ಚುಕ್ಕಿ." ಮಗ ಹೆಚ್ಚು ಮಾತಾಡುತ್ತಿರಲಿಲ್ಲ. ಅಂಗಡಿಗೆ ಬರುವವರು ಕಡಿಮೆಯಾಗಿದ್ದಾರೆ, ಎಲ್ಲರದೂ ಸೆಲ್ಲಿನ ಗಡಿಯಾರ, ಕೆಟ್ಟರೆ ಬಿಸಾಡಿ ಇನ್ನೊಂದು ಕೊಳ್ಳುತ್ತಾರೆ ಎಂದು ಒಮ್ಮೆ ಹೇಳಿದ್ದ. ಆ ಮಾತನ್ನು ನಾನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಲಸಿಕೆಯ ಕೆಲಸ ಬಂತು, ಆಮೇಲೆ ಕೊಂಕಲ್ ಕಡೆಯ ನರ್ಸ್ ರಜೆ ಹಾಕಿದ್ದರಿಂದ ಅಲ್ಲಿಯದೂ ನನ್ನ ಮೇಲೆ ಬಿತ್ತು. ಎರಡೂವರೆ ತಿಂಗಳು ಹೋಗಲಾಗಲಿಲ್ಲ. ಕೆಲಸ ಮುಗಿದು ಬಿಡುವಾದಾಗ ಕ್ಯಾಂಪಿನವರೊಬ್ಬರು ತಮ್ಮ ಗದ್ದೆಯ ಅಕ್ಕಿ ಕೊಟ್ಟಿದ್ದರು. ಬಿಳಿ ಚೀಲದಲ್ಲಿ ಮೂರು ಸೇರು ಕಟ್ಟಿಕೊಂಡು ಯಾದಗಿರಿಗೆ ಹೋದೆ, ಖಿಚಡಿಗಾದೀತು ಎಂದು.

ಅಂಗಡಿಯ ಬಾಗಿಲಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಒಳಗೆ ಪರದೆ ಇರಲಿಲ್ಲ. ಹಿಂದಿನ ಗೋಡೆಯವರೆಗೂ ಕಾಣುತ್ತಿತ್ತು. ಪಕ್ಕದ ಚಹಾದಂಗಡಿಯವರನ್ನು ಕೇಳಿದೆ.

"ಗುಲ್ಬರ್ಗಾಕ್ಕ ಹೋದ್ರಲ್ರಿ. ಅಲ್ಲಿ ಅಂವಗ ಕಾರ್ಖಾನಿದಾಗ ಕೆಲಸ ಸಿಕ್ತು. ತಿಂಗಳಾತು."

"ಅಮ್ಮ?"

"ಕರಕೊಂಡೇ ಹೋದ. ಆರಾಮ ಇದ್ರು." ಅವರು ಲೋಟ ತೊಳೆಯುತ್ತಲೇ ಹೇಳಿದರು. "ನೀವು ಸಗರದ ಸಿಸ್ಟರ್ ಏನು? ಹೋಗೋ ಮುಂದ ಎರಡು ಸಲ ಕೇಳಿದ್ರು ಮುದುಕಿ, ಸಿಸ್ಟರ್ ಬಂದಿದ್ಲೇನು ಅಂತ. ವಿಳಾಸ ಕೊಟ್ಟಿಲ್ಲ. ಅವ್ರಿಗೇ ಗೊತ್ತಿರಲಿಲ್ಲ ಕಾಣ್ತದ."

ಚಹಾ ಕುಡಿಯಿರಿ ಎಂದರು. ಬೇಡ ಅಂದೆ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಗುಲ್ಬರ್ಗಾಕ್ಕೆ ಹೋಗುವ ರೈಲೊಂದು ಬಂದು ಹೋಯಿತು. ಅಷ್ಟು ದೊಡ್ಡ ಊರಲ್ಲಿ ಯಾರನ್ನು ಏನೆಂದು ಕೇಳುತ್ತ ಹೋಗುವುದು? ಅವರ ಹೆಸರನ್ನೂ ನಾನು ಕೇಳಿರಲಿಲ್ಲ. ಮಗ ಅಮ್ಮೀ ಎನ್ನುತ್ತಿದ್ದ, ನಾನೂ ಅಮ್ಮೀ ಎನ್ನುತ್ತಿದ್ದೆ.

ಅಕ್ಕಿಯ ಚೀಲವನ್ನು ಮತ್ತೆ ಸಗರಕ್ಕೆ ತಂದೆ. ಮರುದಿನ ಅದೇ ಅಕ್ಕಿಯಲ್ಲಿ ಖಿಚಡಿ ಮಾಡಲು ನೋಡಿದೆ. ಹೊಸ ಅಕ್ಕಿಗೆ ನೀರು ಕಡಿಮೆ ಇಡಬೇಕಿತ್ತು; ಎಲ್ಲ ಮೆತ್ತಗಾಗಿ ಅಂಟಿಕೊಂಡಿತು. ಖಟ್ಟಾ ಮಾಡುವುದು ಹೇಗೆ ಎಂದು ಅವರನ್ನು ಕೇಳಿಯೇ ಇರಲಿಲ್ಲ. ಮಜ್ಜಿಗೆ ಹಾಕಿಕೊಂಡು ಉಂಡೆ. ಒಬ್ಬಳಿಗೆ ಜಾಸ್ತಿಯಾಗಿತ್ತು, ಸಂಜೆಗೂ ಅದೇ ಆಯಿತು.